ಕಚೇರಿಯ ಪೀಠವೂ ಪಂಜರವೂ

ಹೊಲದಲ್ಲಿ ದುಡಿಯುವವನಿಗೆ ಆಯಾಸವೆಂದೂ ಕಚೇರಿಯಲ್ಲಿ ಕುಳಿತು ಬರೆಯುವವನಿಗೆ ಸುಖವೆಂದೂ ಲೋಕವು ಬಹುಕಾಲ ನಂಬಿದ್ದಿತು. ಈ ನಂಬಿಕೆಯನ್ನು ಶಂಕಿಸಿದವರಲ್ಲಿ ಇಟಲಿಯ ವೈದ್ಯನಾದ ಬರ್ನಾರ್ಡಿನೊ ರಾಮಜ್ಜೀನಿಯು ಒಬ್ಬನು. ವೃತ್ತಿಗಳಿಂದ ಉಂಟಾಗುವ ರೋಗಗಳನ್ನು ಕುರಿತು ಆತನು 1700ರಲ್ಲಿ ಪ್ರಕಟಿಸಿದ ಗ್ರಂಥವು 1713ರಲ್ಲಿ ವಿಸ್ತಾರಗೊಂಡಾಗ, ಬರೆವಣಿಗೆಯವರಿಗೂ ಅದರಲ್ಲಿ ಒಂದು ಅಧ್ಯಾಯವು ದೊರೆಯಿತು. ಎಡೆಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಮನಸ್ಸಿನ ಬಿಗುವು, ಈ ಮೂರೇ ಅವರ ವ್ಯಾಧಿಗಳಿಗೆ ಮೂಲವೆಂದು ಆತನು ನಿರ್ಣಯಿಸಿದನು.

1953ರಲ್ಲಿ ಜೆರ್ರಿ ಮಾರಿಸನೂ ಆತನ ಸಂಗಡಿಗರೂ ಲಂಡನ್ನಿನ ಬಸ್ಸುಗಳ ನೌಕರರನ್ನು ಕುರಿತು ಪ್ರಕಟಿಸಿದ ಶೋಧನೆಯು ಈ ಮಾತಿಗೆ ಪುಷ್ಟಿಯನ್ನು ಕೊಟ್ಟಿತು. ಕುಳಿತೇ ಬಂಡಿಯನ್ನು ನಡೆಯಿಸುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗವು ಕಡಿಮೆಯಾಗಿದ್ದಿತು.

ಹಾಗಾದರೆ ಗುಮಾಸ್ತನನ್ನು ಪೀಠದಿಂದ ಎಬ್ಬಿಸುವ ಉಪಾಯವಾವುದು? ಅಮೆರಿಕದ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಸಂಸ್ಥೆಯ ಸಂಶೋಧಕನಾದ ರಾಬರ್ಟ್ ಪ್ರಾಪ್ಸ್ಟನು ಇದಕ್ಕೆ ಉತ್ತರವನ್ನರಸಿದನು. ಆತನ ವಿಚಾರಗಳಿಗೆ ಜಾರ್ಜ್ ನೆಲ್ಸನ್ನನು ರೂಪವನ್ನು ಕೊಡಲು, 1964ರಲ್ಲಿ ‘ಆಕ್ಷನ್ ಆಫೀಸ್’ ಹೊರಬಂದಿತು. ನಿಂತು ಬರೆಯಲು ಎತ್ತರದ ಮೇಜು, ಕುಳಿತು ಬರೆಯಲು ತಗ್ಗಿನದು, ದೂರವಾಣಿಗೆ ಬೇರೊಂದು ಎಡೆ. ಕೆಲಸವು ಬದಲಾದಂತೆ ದೇಹವೂ ಏಳಬೇಕು, ಅಡಿಯಿಡಬೇಕೆಂಬುದೇ ಅದರ ತತ್ತ್ವ. ಬೆಲೆಯು ಅಧಿಕವಾದುದರಿಂದ ಕೊಂಡವರು ವಿರಳರು. 1968ರಲ್ಲಿ ಬಂದ ಎರಡನೆಯ ರೂಪದಲ್ಲಿ, ಇಷ್ಟಬಂದಂತೆ ಜೋಡಿಸಿ ಬಿಚ್ಚಬಹುದಾದ ತಡಿಕೆಗಳೂ, ಅವುಗಳಿಗೆ ಬೇಕಾದ ಎತ್ತರದಲ್ಲಿ ತಗುಲಿಸುವ ಹಲಗೆಗಳೂ ಇದ್ದುವು.

ವಿಪರ್ಯಾಸವು ಇಲ್ಲಿಯೇ ಉಂಟಾಯಿತು. ವಿಶಾಲವಾದ ಕೋನದಲ್ಲಿ ತೆರೆದುಕೊಳ್ಳಲೆಂದು ಕಲ್ಪಿಸಿದ ತಡಿಕೆಗಳನ್ನು ಯಜಮಾನರು ಚಚ್ಚೌಕವಾಗಿ ಕೂಡಿಸಿದರು. ಅಲ್ಪಸ್ಥಳದಲ್ಲಿ ಬಹುಜನರನ್ನು ಕೂರಿಸುವುದೇ ಅವರಿಗೆ ಲಾಭವಾಗಿ ಕಂಡಿತು. ಬಿಡುಗಡೆಗೆಂದು ಹುಟ್ಟಿದ ಸಾಧನವು ಪಂಜರವಾಯಿತು. 2000ದಲ್ಲಿ ತೀರಿಕೊಂಡ ಪ್ರಾಪ್ಸ್ಟನು ತನ್ನ ಕಡೆಗಾಲದಲ್ಲಿ ಈ ಗೂಡುಗಳನ್ನು ಕಟುವಾಗಿ ಖಂಡಿಸಿದನು. ಗಣಕಯಂತ್ರವು ಮೇಜನ್ನೇರಿದ ಮೇಲಂತೂ, ಒಂದು ಕಾಗದವನ್ನು ತರಲು ಏಳುವ ಅಗತ್ಯವೂ ತಪ್ಪಿತು.

ಈಗ ಗುಂಡಿಯನ್ನೊತ್ತಿದರೆ ಏರಿಳಿಯುವ ಮೇಜುಗಳೂ, ನಡೆಯುತ್ತಲೇ ಕೆಲಸಮಾಡಲು ಕಾಲಡಿಯಲ್ಲಿ ಸರಿಯುವ ಪಟ್ಟಿಗಳೂ ಬಂದಿವೆ. ಇವು ಉಪಯುಕ್ತವಾದುವೇ ಸರಿ. ಆದರೆ ಪೂರ್ವಚರಿತ್ರೆಯು ಬೋಧಿಸುವ ಪಾಠವನ್ನು ಮರೆಯಲಾಗದು. ಮೇಜನ್ನು ಎತ್ತರಿಸುವುದು ಶಿಲ್ಪಿಗೆ ಸಾಧ್ಯ. ಏಳುವುದಕ್ಕೆ ಎಡೆಯನ್ನೂ ವೇಳೆಯನ್ನೂ ಕೊಡತಕ್ಕವನು ಯಜಮಾನನೇ.