ಸಂಘದಿಂದ ಸಭೆಗೆ: ಹಿತಾಸಕ್ತಿ ಗುಂಪುಗಳ ಅಧ್ಯಯನ ಮತ್ತು ಚಾಮರಾಜನಗರ ಸೀಮೆ

ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವೆ ಜನರು ಸರ್ಕಾರದ ತೀರ್ಮಾನಗಳನ್ನು ಹೇಗೆ ತಿದ್ದುತ್ತಾರೆ ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರವು ಎರಡು ಜಾಡುಗಳಲ್ಲಿ ಅಭ್ಯಾಸ ಮಾಡುತ್ತ ಬಂದಿದೆ. ಮೊದಲನೆಯದು ಹಿತಾಸಕ್ತಿ ಗುಂಪುಗಳ ಅಧ್ಯಯನ. ಅಂದರೆ ತಾವೇ ಅಧಿಕಾರ ಹಿಡಿಯುವ ಉದ್ದೇಶವಿಲ್ಲದೆ, ಸದಸ್ಯರ ಸಮಾನ ಹಿತಕ್ಕಾಗಿ ಅಧಿಕಾರದಲ್ಲಿರುವವರ ಮೇಲೆ ಒತ್ತಡ ತರುವ ಸಂಘಟನೆಗಳ ಅಧ್ಯಯನ. ಎರಡನೆಯದು ನಾಗರಿಕ ಸಹಭಾಗಿತ್ವದ ಅಧ್ಯಯನ. ಅಂದರೆ ಮತದಾನದಿಂದ ಹಿಡಿದು ಗ್ರಾಮಸಭೆಯಲ್ಲಿ ಎದ್ದು ಮಾತನಾಡುವವರೆಗೆ ಸಾಮಾನ್ಯ ಪ್ರಜೆ ಸಾರ್ವಜನಿಕ ವ್ಯವಹಾರದಲ್ಲಿ ತೊಡಗುವ ಬಗೆಗಳ ವಿಚಾರ. ಈ ಎರಡನ್ನೂ ಒಟ್ಟಿಗೆ ಓದದೆ ಯಾವುದೂ ಪೂರ್ತಿ ಅರ್ಥವಾಗುವುದಿಲ್ಲ ಎಂಬುದಕ್ಕೆ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಕಳೆದ ನಾಲ್ಕು ದಶಕಗಳ ಇತಿಹಾಸ ಬಲವಾದ ಸಾಕ್ಷ್ಯ ಒದಗಿಸುತ್ತದೆ.

ಗುಂಪುಗಳ ಅಧ್ಯಯನಕ್ಕೆ ಬುನಾದಿ ಹಾಕಿದವರು ಅಮೆರಿಕದ ಆರ್ಥರ್ ಬೆಂಟ್ಲಿ. 1908ರಲ್ಲಿ ಪ್ರಕಟವಾದ ಅವರ ಗ್ರಂಥವು ಸರ್ಕಾರದ ನಡೆಯನ್ನು ಗುಂಪುಗಳ ನಡುವಿನ ಹಗ್ಗಜಗ್ಗಾಟವೆಂದು ವಿವರಿಸಿತು. 1951ರಲ್ಲಿ ಡೇವಿಡ್ ಟ್ರೂಮನ್ ಅದನ್ನು ವ್ಯವಸ್ಥಿತ ಸಿದ್ಧಾಂತವಾಗಿ ಬೆಳೆಸಿದರು. ಹಿತಗಳಿಗೆ ಧಕ್ಕೆ ಬಂದಾಗ ಗುಂಪುಗಳು ತಾವಾಗಿಯೇ ಹುಟ್ಟಿ ಪರಸ್ಪರ ಸಮತೋಲನ ಕಾಯುತ್ತವೆ ಎಂಬ ಈ ಬಹುತ್ವವಾದಿ ನಿಲುವನ್ನು 1960ರಲ್ಲಿ ಶಾಟ್‌ಷ್ನೈಡರ್ ಪ್ರಶ್ನಿಸಿ, ಗುಂಪುಗಳ ಲೋಕದಲ್ಲಿ ಉಳ್ಳವರ ದನಿಯೇ ಮೇಲಾಗಿರುತ್ತದೆ ಎಂದು ತೋರಿಸಿದರು. 1965ರಲ್ಲಿ ಮ್ಯಾನ್ಸರ್ ಓಲ್ಸನ್ ಇನ್ನೂ ಮೂಲಭೂತವಾದ ತೊಡಕನ್ನು ಮುಂದಿಟ್ಟರು: ಹೋರಾಟದ ಫಲ ಎಲ್ಲರಿಗೂ ಸಿಗುವಂತಿದ್ದರೆ, ಹೋರಾಟದ ಕಷ್ಟವನ್ನು ಇತರರಿಗೆ ಬಿಟ್ಟು ಫಲ ಮಾತ್ರ ಪಡೆಯುವುದೇ ಪ್ರತಿಯೊಬ್ಬನಿಗೂ ಲಾಭವಾಗುವುದರಿಂದ, ದೊಡ್ಡ ಸಮುದಾಯಗಳು ಸಂಘಟಿತವಾಗುವುದೇ ಕಷ್ಟ. ಸಹಭಾಗಿತ್ವದ ಜಾಡಿನಲ್ಲಿ ಸಿಡ್ನಿ ವರ್ಬಾ, ನಾರ್ಮನ್ ನೈ ಮತ್ತು ಜೇ-ಆನ್ ಕಿಮ್ ಭಾರತವೂ ಸೇರಿದಂತೆ ಏಳು ದೇಶಗಳನ್ನು ಹೋಲಿಸಿ 1978ರಲ್ಲಿ ಪ್ರಕಟಿಸಿದ ಕೃತಿಯು, ಶಿಕ್ಷಣ ಮತ್ತು ಸಂಪತ್ತು ಇದ್ದವರೇ ಹೆಚ್ಚು ಭಾಗವಹಿಸುತ್ತಾರೆಂದೂ ಪಕ್ಷಗಳು ಮತ್ತು ಸಂಘಟನೆಗಳು ಆ ಅಂತರವನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲವೆಂದೂ ಸಾಧಿಸಿತು.

ಭಾರತದ ಮಟ್ಟಿಗೆ 1962ರಲ್ಲಿ ಮೈರನ್ ವೀನರ್, ಸಂಪನ್ಮೂಲಗಳ ಕೊರತೆಯಿರುವ ದೇಶದಲ್ಲಿ ಸಂಘಟಿತ ಬೇಡಿಕೆಗಳಿಗೆ ಸರ್ಕಾರ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಶೋಧಿಸಿದರು. 1987ರಲ್ಲಿ ರುಡಾಲ್ಫ್ ದಂಪತಿಗಳು ‘ಬೇಡಿಕೆ ಗುಂಪು’ ಎಂಬ ಪರಿಕಲ್ಪನೆಯನ್ನು ತಂದರು. ಕಚೇರಿ ಮತ್ತು ಸದಸ್ಯತ್ವದ ಕಟ್ಟುಗಳಿಗಿಂತ ಮೆರವಣಿಗೆ, ರಸ್ತೆ ತಡೆ ಮತ್ತು ಬಂದ್‌ಗಳ ಮೂಲಕ ಕೆಲಸ ಮಾಡುವ ಗುಂಪು ಎಂಬುದು ಇದರ ಅರ್ಥ.

ನರಗುಂದ ಮತ್ತು ನವಲಗುಂದದ ರೈತ ಬಂಡಾಯದ ವರ್ಷವಾದ 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘವು ಈ ಪರಿಕಲ್ಪನೆಗೆ ಹತ್ತಿರದ ಉದಾಹರಣೆಯಾದರೂ ಅದನ್ನು ಮೀರಿದ್ದು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಸಂಘದ ಗುರುತಾದ ಹಸಿರು ಶಾಲು ಹಳ್ಳಿಹಳ್ಳಿಗೂ ತಲುಪಿತು. ಅನುಮತಿಯಿಲ್ಲದೆ ಸಾಲ ವಸೂಲಿಗೆ ಬರಕೂಡದೆಂದು ಅಧಿಕಾರಿಗಳನ್ನು ಎಚ್ಚರಿಸುವ ಫಲಕಗಳು ಊರ ಬಾಗಿಲಲ್ಲಿ ನಿಂತವು. ಓಲ್ಸನ್ ಹೇಳಿದ ತೊಡಕನ್ನು ಸಂಘ ದಾಟಿದ್ದು ಹೀಗೆ: ಜಪ್ತಿಗೆ ಬಂದವರನ್ನು ಊರೇ ಒಟ್ಟಾಗಿ ತಡೆದಾಗ ಸದಸ್ಯತ್ವದ ಫಲ ಪ್ರತಿ ಮನೆಯ ಹೊಸ್ತಿಲಲ್ಲೇ ಕಾಣುತ್ತಿತ್ತು. ಎಂ.ವಿ. ನಾಡಕರ್ಣಿಯವರು 1987ರ ಕೃತಿಯಲ್ಲಿ ಕರ್ನಾಟಕದ ಚಳವಳಿಯನ್ನು ಇತರ ರಾಜ್ಯಗಳ ರೈತ ಚಳವಳಿಗಳೊಂದಿಗೆ ಇಟ್ಟು ನೋಡಿದರೆ, ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರಜ್ಞ ಮುಜಾಫರ್ ಅಸ್ಸಾದಿಯವರು 1980ರಿಂದ 1994ರವರೆಗಿನ ಚಳವಳಿಯನ್ನೇ ವಿಷಯವಾಗಿಸಿಕೊಂಡು, ರೈತ ಎಂಬ ಒಂದೇ ಹೆಸರಿನಡಿ ಭೂಹಿಡುವಳಿ ಮತ್ತು ಜಾತಿಯ ಭೇದಗಳು ಹೇಗೆ ಅಡಗುತ್ತವೆ ಎಂಬ ಪ್ರಶ್ನೆಯನ್ನು ಮುನ್ನೆಲೆಗೆ ತಂದರು. ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳು ಬಳಿಯ ‘ಅಮೃತಭೂಮಿ’ ಈ ಚಳವಳಿಯ ಸಂತಾನವೇ ಆಗಿದ್ದು, ಬೀದಿಯ ಹೋರಾಟ ಸಹಜ ಕೃಷಿ ಮತ್ತು ದೇಸಿ ಬೀಜಗಳ ಪಾಠಶಾಲೆಯಾಗಿ ಬೇರೂರಿದ ಬಗೆಯನ್ನು ತೋರಿಸುತ್ತದೆ.

ಸಹಭಾಗಿತ್ವದ ಜಾಡು ಕರ್ನಾಟಕದಲ್ಲಿ ಗುಂಡ್ಲುಪೇಟೆಯವರಾದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಕೊಳವೆ ಬಾವಿಗಳ ಮೂಲಕ ಹಳ್ಳಿಗಳಿಗೆ ನೀರು ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಅವರು, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ 1983ರ ಪಂಚಾಯತ್ ಕಾಯ್ದೆಯನ್ನು ರೂಪಿಸಿದರು. ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟ ಈ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ 1998ರಲ್ಲಿ ಕರ್ನಾಟಕದ ಈ ಪ್ರಯೋಗವನ್ನು ಬಾಂಗ್ಲಾದೇಶ, ಘಾನಾ ಮತ್ತು ಕೋತ್ ದಿವಾರ್‌ಗಳೊಂದಿಗೆ ಹೋಲಿಸಿ, ಚುನಾಯಿತರ ಹೊಣೆಗಾರಿಕೆಯಲ್ಲಿ ಕರ್ನಾಟಕ ಮುಂದಿತ್ತೆಂದೂ ಕಡುಬಡವರಿಗೆ ಅದರ ಫಲ ಸಾಕಷ್ಟು ದಕ್ಕಲಿಲ್ಲವೆಂದೂ ಗುರುತಿಸಿದರು. 1992ರಲ್ಲಿ ಅವಧಿ ಮುಗಿದ ಸಂಸ್ಥೆಗಳಿಗೆ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು.

ಎರಡು ಜಾಡುಗಳು ಕೂಡುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. ಈ ಕಾಡು 1974ರಲ್ಲಿ ವನ್ಯಜೀವಿ ಧಾಮವಾದ ಮೇಲೆ ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಟೆ ಮತ್ತು ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತ ಮಾಡುವ ಬೇಸಾಯ) ನಿಂತವು. ಜೇನು, ನೆಲ್ಲಿ, ಸೀಗೆ, ಕಲ್ಲುಹೂವುಗಳ ಸಂಗ್ರಹಕ್ಕೂ ಮುಂದೆ ನಿರ್ಬಂಧ ಬಂತು. ಸೋಲಿಗರ ಸಂಘಗಳು ಮನವಿ ಮತ್ತು ಧರಣಿಗಳಿಗೆ ನಿಲ್ಲದೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಕೈಗೆತ್ತಿಕೊಂಡವು. ಈ ಕಾಯ್ದೆಯಲ್ಲಿ ಹಕ್ಕಿನ ಕೋರಿಕೆ ಹೊರಡಬೇಕಾದದ್ದು ಗ್ರಾಮಸಭೆಯಿಂದ: ಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ, ಸಮಿತಿ ಸ್ಥಳ ಪರಿಶೀಲಿಸುತ್ತದೆ, ನಿರ್ಣಯ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳಿಗೆ ಹೋಗುತ್ತದೆ. ಏಟ್ರೀ ಸಂಶೋಧನಾ ಸಂಸ್ಥೆಯ ನೆರವಿನಿಂದ ಸೋಲಿಗರ ಹಿರಿಯರು ತಮ್ಮ ದೇವರು, ಮಾರಮ್ಮ, ವೀರ, ಅಬ್ಬಿ ಮತ್ತು ಕಲ್ಲುಗುಡಿಗಳ ಪವಿತ್ರ ನೆಲೆಗಳನ್ನು ನಕ್ಷೆಗಿಳಿಸಿದರು. ಕಾಡಿನ ನೆನಪು ಹೀಗೆ ದಾಖಲೆಯ ರೂಪ ತಾಳಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ 2011ರಲ್ಲೇ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆತದ್ದು ದೇಶದ ಗಮನ ಸೆಳೆಯಿತು.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶ ನ್ಯಾಯಾಲಯಕ್ಕೆ ಹೋಗಿ, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಾಗ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಹೆದ್ದಾರಿ ಮುಚ್ಚುವುದು ಖಾಯಂ ಆಯಿತು. ಸಂರಕ್ಷಣಾವಾದಿಗಳು ಒಂದು ಕಡೆ, ವಯನಾಡಿನ ವರ್ತಕರು ಮತ್ತು ಪ್ರಯಾಣಿಕರು ಇನ್ನೊಂದು ಕಡೆ ಬಲವಾಗಿ ನಿಂತರು; 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಕೇರಳದ ಮಾರುಕಟ್ಟೆಗೆ ತರಕಾರಿ ಮತ್ತು ಹೂವು ಕಳಿಸುವ ಗುಂಡ್ಲುಪೇಟೆಯ ಸಣ್ಣ ಬೆಳೆಗಾರನಿಗಾಗಲಿ, ಕಾಡಂಚಿನ ಹಳ್ಳಿಗಳಿಗಾಗಲಿ ಈ ವಿವಾದದಲ್ಲಿ ಅಷ್ಟೇ ಗಟ್ಟಿಯಾದ ವೇದಿಕೆ ಇರಲಿಲ್ಲ. ತೀರ್ಮಾನ ನ್ಯಾಯಾಲಯದಲ್ಲಿ ಆಗುವಾಗ ವಕೀಲರನ್ನು ಮತ್ತು ತಜ್ಞರನ್ನು ಒದಗಿಸಿಕೊಳ್ಳಬಲ್ಲ ಗುಂಪುಗಳ ಮಾತೇ ಮುಂದೆ ಬರುತ್ತದೆಂಬ ಶಾಟ್‌ಷ್ನೈಡರ್ ಮಾದರಿಯ ಆಕ್ಷೇಪ ಇಲ್ಲಿ ಸಲ್ಲುತ್ತದೆ.

ಈ ಎರಡು ಪ್ರಕರಣಗಳು ತೋರಿಸುವಂತೆ, ಗುಂಪಿಗೆ ಬಲವಿದ್ದರೆ ಸಾಲದು, ಆ ಬಲ ಕಾನೂನಿನ ಮಾನ್ಯತೆಯುಳ್ಳ ಸಭೆಯೊಂದರಲ್ಲಿ ನೆಲೆಗೊಂಡಾಗಲೇ ಗೆಲುವು ಬಾಳುತ್ತದೆ. ಸಭೆಯಿದ್ದರೂ ಸಂಘಟನೆಯಿಲ್ಲದಿದ್ದರೆ ಅದು ಸಹಿಪುಸ್ತಕವಾಗಿ ಉಳಿಯುತ್ತದೆ. ಪರೋಮಿತಾ ಸಾನ್ಯಾಲ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಗ್ರಾಮಸಭೆಗಳ ಮಾತನ್ನೇ ದಾಖಲಿಸಿ 2018ರಲ್ಲಿ ಹೊರತಂದ ಅಧ್ಯಯನ ಈ ದಿಕ್ಕಿನಲ್ಲಿ ಒಳ್ಳೆಯ ಮಾದರಿ. ಆದರೆ ಅರಿಸಿನ ಮತ್ತು ಟೊಮೆಟೊ ಹೊಲಗಳಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಕ್ಕಳು ರೈತ ಸಂಘದ ಲೆಕ್ಕಕ್ಕೂ ಬರುವುದು ಅಪರೂಪ, ಗ್ರಾಮಸಭೆಯ ನಡವಳಿ ಪುಸ್ತಕಕ್ಕೂ ಬರುವುದು ಅಪರೂಪ. ಜಿಲ್ಲೆಯ ಕಾಲೇಜುಗಳ ರಾಜ್ಯಶಾಸ್ತ್ರ ವಿಭಾಗಗಳು ತಮ್ಮ ವಿದ್ಯಾರ್ಥಿಗಳನ್ನು ಮೊದಲು ಈ ಸಭೆಗಳಿಗೆ ಕಳುಹಿಸಿ, ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು, ಯಾರ ಮಾತು ನಿರ್ಣಯವಾಯಿತು ಎಂಬುದನ್ನು ವರ್ಷವರ್ಷವೂ ಬರೆದಿಡಬೇಕು. ನಜೀರ್ ಸಾಬ್ ಅವರ ಊರಿನಿಂದಲೇ ಈ ಕೆಲಸ ಆರಂಭವಾಗಬೇಕು.