ಮನೆತನದ ಚರಿತ್ರೆಗೆ ಸ್ಮಶಾನದ ಸಾಕ್ಷಿ

ಇಮ್ಮಡಿ ಪುಲಕೇಶಿಯ ತಂದೆ ಯಾರೆಂದು ಕೇಳಿದರೆ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿ ತಡಮಾಡದೆ ಕೀರ್ತಿವರ್ಮನೆಂದು ಉತ್ತರಿಸುವನು. ಅವನ ಸ್ವಂತ ಮುತ್ತಜ್ಜನ ಹೆಸರನ್ನು ಕೇಳಿದರೆ ಮೌನವೇ ಉತ್ತರ. ಹದಿನಾಲ್ಕು ಶತಮಾನಗಳಾಚೆಯ ಅರಸನ ಕುಲ ತಿಳಿದಿದ್ದೂ ನೂರು ವರ್ಷಗಳೀಚೆಗೆ ಮಣ್ಣಾದ ತನ್ನ ಹಿರಿಯರ ಹೆಸರು ತಿಳಿಯದಿರುವುದೇಕೆ? ಅರಸರಿಗೆ ಶಾಸನ ಕೊರೆಯುವವರಿದ್ದರು, ನಮ್ಮವರಿಗೆ ಇರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದು ಪೂರ್ಣ ಸತ್ಯವಲ್ಲ.

ಸತ್ತವರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ತುರುಗಳನ್ನು ಕಾಯಲು ಹೋಗಿ ಮಡಿದವನಿಗೆ ವೀರಗಲ್ಲು, ಪತಿಯೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ಜೈನರಿಗೆ ನಿಷಿಧಿಗಲ್ಲು. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕೊಂಡೊಯ್ಯುವ ದೃಶ್ಯ, ಮೇಲೆ ಲಿಂಗಪೂಜೆ ಇರುವುದು ಸಾಮಾನ್ಯ. ಇಂತಹ ಕಲ್ಲುಗಳಲ್ಲಿ ಅನೇಕವು ಅರಸರವಲ್ಲ, ಊರಿನ ಸಾಮಾನ್ಯರವು. ಆದುದರಿಂದ ಊರ ಬಾಗಿಲಲ್ಲಿ ಎಣ್ಣೆ ಕುಡಿದು ಕಪ್ಪಾದ ಕಲ್ಲನ್ನು ಬರಿಯ ದೇವರೆಂದು ತಿಳಿದು ಮುಂದೆ ನಡೆಯಬಾರದು. ಅದು ಯಾರದೋ ಮನೆಯ ಹಿರಿಯನ ಕಲ್ಲಾಗಿರಬಹುದು.

ಗೋರಿಗಳ ಪಟ್ಟಿಯನ್ನು ಅಚ್ಚುಹಾಕಿಸುವ ಕಾರ್ಯವನ್ನು ಆಂಗ್ಲರು ಶ್ರದ್ಧೆಯಿಂದ ಮಾಡಿದರು. ರಾಜೋಳಿಯ ಎದುರು ದಡದ ಕರ್ನೂಲು ಮದರಾಸು ಪ್ರಾಂತಕ್ಕೆ ಸೇರಿದ್ದಿತು; ಆ ಪ್ರಾಂತದ ಗೋರಿಶಾಸನಗಳನ್ನು ಕಾಟನ್ ಎಂಬವರು 1905ರಲ್ಲಿ ಪ್ರಕಟಿಸಿದರು. ಈ ದಡ ನಿಜಾಮರ ಸೀಮೆ. ಅಲ್ಲಿಯವನ್ನು ಕ್ರಾಫ್ಟನ್ ಎಂಬವರು 1941ರಲ್ಲಿ ಹೊರತಂದರು. ತುಂಗಭದ್ರೆಯ ಎರಡು ದಡಗಳಿಗೆ ಎರಡು ಗ್ರಂಥಗಳು! ಆದರೆ ಇವುಗಳಲ್ಲಿ ಇರುವವರು ಮುಖ್ಯವಾಗಿ ಐರೋಪ್ಯರು. ಇಷ್ಟಲಿಂಗವನ್ನು ಕೈಯಲ್ಲಿಟ್ಟು ಕುಳ್ಳಿರಿಸಿ ಮಣ್ಣು ಮಾಡಿದ ಲಿಂಗಾಯತ ನೇಕಾರನೂ, ಕಿಬ್ಲಾದ ಕಡೆಗೆ ಮುಖವಿಟ್ಟು ಮಲಗಿದ ಮುಸಲ್ಮಾನ ರೈತನೂ ಅವುಗಳಲ್ಲಿ ದೊರೆಯರು. ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟ ಮನೆತನಗಳಿಗಂತೂ ಗೋರಿಯೇ ಇಲ್ಲ.

ಹಾಗಾದರೆ ಇವರ ಲೆಕ್ಕವನ್ನು ಇಟ್ಟವರಾರು? ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಮೊದಲುಮಾಡಿ ತಲೆತಲಾಂತರದ ಹೆಸರುಗಳನ್ನು ಹೇಳಿ, ಕಾಳು ಬಟ್ಟೆಗಳನ್ನು ಪಡೆದು ಹೋಗುವ ಇವರನ್ನು ನಾವು ಭಿಕ್ಷುಕರೆಂದು ಬಗೆದೆವು. ತೆಲುಗರು ಇಂಥವರನ್ನು ಪಿಚ್ಚಗುಂಟ್ಲರೆಂದು ಕರೆಯುವರು. ಯಾವ ಊರಿನಿಂದ ಬಂದವರು, ಯಾವ ಬೆಡಗು, ಅಣ್ಣತಮ್ಮಂದಿರು ಎಲ್ಲಿ ಒಡೆದು ಬೇರೆಯಾದರು ಎಂಬುದೆಲ್ಲ ಇವರ ನಾಲಗೆಯಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಇರುವುದು. ಇದರಲ್ಲಿ ಒಂದು ಕೊರತೆಯುಂಟು: ಹೇಳುವುದು ಹೆಚ್ಚಾಗಿ ಗಂಡುಸಂತತಿಯ ಹೆಸರುಗಳನ್ನು. ಅಜ್ಜಿಯರ ಹೆಸರುಗಳನ್ನು ಅಜ್ಜಿಯರಿಂದಲೇ ಕೇಳಿ ಬರೆದುಕೊಳ್ಳಬೇಕು.

ಇನ್ನು ಸರಕಾರದ ಕಾಗದಗಳ ಮಾತು. 1969ರ ಜನನ ಮರಣ ನೋಂದಣಿ ಕಾಯಿದೆಯ ನಂತರದ ಮರಣಗಳನ್ನು ದಫ್ತರದಲ್ಲಿ ಹುಡುಕಿಸಿ ನಕಲು ಪಡೆಯಲು ಅವಕಾಶವಿದೆ. ಅದಕ್ಕೂ ಹಿಂದಿನದನ್ನು ಅರಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆದುದರಿಂದ ಹಳೆಯ ಕಾಗದವನ್ನು ಗದ್ವಾಲದಲ್ಲಿ ಕಾಣದವರು ರಾಯಚೂರಿನಲ್ಲಿಯೂ ವಿಚಾರಿಸಬೇಕು. ಎರಡನೆಯದಾಗಿ, ನಿಜಾಮರ ಕಾಲದ ಕಾಗದಗಳ ಭಾಷೆ ಉರ್ದು, ಅವುಗಳ ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರೆ ಕ್ರಿಸ್ತವರ್ಷ ದೊರೆಯುವುದು. ವರ್ಷವು ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ಜನವರಿಯ ನಂತರದ ತಿಂಗಳುಗಳಿಗೆ 591 ಕೂಡಿಸತಕ್ಕದ್ದು. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ. ಗೋರಿಯ ಮೇಲಿನ ಹಿಜರಿಗೆ ಈ ಲೆಕ್ಕ ಸಲ್ಲದು; ಅದು ಚಾಂದ್ರಮಾನ. ಶಕವರ್ಷಕ್ಕಾದರೆ 78 ಕೂಡಿಸಬೇಕು.

ಈ ಎಲ್ಲವನ್ನು ಈಗಲೇ ಹೇಳಬೇಕಾದ ಕಾರಣವುಂಟು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿಯ ಮನೆಗಳ ಒಳಹೊಕ್ಕಳು. ಮಗ್ಗ ಹೋಯಿತು, ನೂಲು ಹೋಯಿತು ಎಂದು ಜನರು ಅತ್ತರು; ನ್ಯಾಯವೇ. ಆದರೆ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಕಾಗದ ನೆನೆದು ಹೋದರೆ ಅದಕ್ಕೆ ಪರಿಹಾರ ಕೊಡುವವರಾರು? ಮಗ್ಗವನ್ನು ಮತ್ತೆ ಹೂಡಬಹುದು. ಮರೆತ ಹೆಸರನ್ನು ಹೂಡಲಾಗದು. ಶ್ರೀಶೈಲದ ಅಣೆಕಟ್ಟಿನ ಹಿನ್ನೀರಿನಿಂದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಉಳಿಸಲು ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಿದರು. ಕಲ್ಲನ್ನು ಹೊರಬಹುದು, ಹಿರಿಯರು ಮಣ್ಣಾದ ನೆಲವನ್ನು ಹೊರಲಾಗದು. ಅಲ್ಲಿಂದ ಎತ್ತಿ ತರಬಹುದಾದುದು ಹೆಸರುಗಳನ್ನು ಮಾತ್ರ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರ ಬಳಿ ಕುಳಿತು ನಾಲ್ಕು ತಲೆಗಳ ಹೆಸರು, ತೀರಿಕೊಂಡ ವರ್ಷ, ಮಣ್ಣು ಮಾಡಿದ ಅಥವಾ ಸುಟ್ಟ ಸ್ಥಳ, ಇಷ್ಟನ್ನು ಬರೆದು ತರಲಿ. ವರ್ಷ ನೆನಪಿಲ್ಲದಿದ್ದರೆ ಯಾವ ಬರಗಾಲ, ಯಾವ ನೆರೆ, ಯಾರ ಮದುವೆಯ ವರ್ಷವೆಂದು ಕೇಳಲಿ. ಹೆಳವನು ಬಂದಾಗ ಕಾಳು ನೀಡುವುದರೊಂದಿಗೆ ಲೇಖನಿಯನ್ನೂ ಹಿಡಿಯಲಿ. ಗೋರಿಯ ಕಲ್ಲನ್ನು ಕೆರೆಯದೆ, ಸುಣ್ಣ ಬಳಿಯದೆ, ಇದ್ದಂತೆಯೇ ಓದಿಕೊಳ್ಳಲಿ. ಆ ಹಾಳೆಗಳನ್ನು ಹೊಲಿದು ಶಾಲೆಯ ಕಪಾಟಿನಲ್ಲಿ ಇರಿಸಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಯೂ ಇಡೋಣ. ಏಕೆಂದರೆ ಹೊಳೆ ಮತ್ತೊಮ್ಮೆ ಬರುವುದು.