ಬಾಯಿ ತೊಳೀಬೇಕಾದವರು ಯಾರು?

ನಮ್ಮ ಹುಡುಗರ ಕವಿತೆ ಕೇಳಿದ ಹಿರಿಯರೊಬ್ಬರು, "ಭಾಷೇನ ಸ್ವಲ್ಪ ತೊಳಕೊಂಡು ಬರೀರಪ್ಪ" ಅಂದರು. ಗೆಳೆಯರೇ, ಈ ಉಪದೇಶಕ್ಕೆ ಐವತ್ತು ವರ್ಷ ದಾಟಿದೆ.

1972ರಲ್ಲಿ ಮರಾಠಿಯ ನಾಮದೇವ ಢಸಾಳ 'ಗೋಲಪೀಠ' ತಂದರು. ಮುಂಬಯಿಯ ಸೂಳೆಗೇರಿಯ ಹಸಿವು, ರೋಗ, ಮೈ ಮಾರಾಟ ಎಲ್ಲವೂ ಆ ಕೇರಿಯ ಮಾತಲ್ಲೇ ಬಂದವು. ವಿಜಯ ತೆಂಡೂಲ್ಕರ್ ಮುನ್ನುಡಿ ಬರೆದರು. ಆದರೂ ಶಿಷ್ಟರು ಅಶ್ಲೀಲ ಅಂತ ಮೂಗು ಮುಚ್ಚಿಕೊಂಡರು. ಕೇರಿಯ ನಾತಕ್ಕೆ ಮುಚ್ಚದ ಮೂಗು ಪದದ ನಾತಕ್ಕೆ ಮುಚ್ಚಿತು.

ಮರುವರ್ಷ ನಮ್ಮಲ್ಲಿ ನಡೆದದ್ದು ನೋಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಬೈಗುಳವೂ ಅಲ್ಲ, ದನ ತಿನ್ನೋ ಮೇವು. ಅಷ್ಟಕ್ಕೇ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಒರಟು ಮಾತು ಯಾರದು, ಒರಟು ಕೈ ಯಾರದು?

ಆ ಬೆಂಕಿಯಲ್ಲಿ ಬೆಂದ ಪೀಳಿಗೆಯ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಜಗಲಿಯ ಮೇಲಿಂದ ಸಾವಿರ ಸಲ ಬೈಗುಳವಾಗಿ ಬಿದ್ದ ಎರಡು ಹೆಸರು ಪುಸ್ತಕದ ರಟ್ಟಿನ ಮೇಲೆ ತಲೆಯೆತ್ತಿ ನಿಂತವು. ಸಿಟ್ಟು ಸಿಟ್ಟಾಗಿಯೇ ಬಂತು. ಇದು ಕಾವ್ಯವೋ ಘೋಷಣೆಯೋ ಅಂತ ವಿಮರ್ಶಕರು ತೂಗುತ್ತಾ ಕೂತಾಗ, ಕೂಲಿಯವರ ಮೆರವಣಿಗೆಗಳು ಅದನ್ನ ಹಾಡುತ್ತಾ ಹೋದವು.

ನಮ್ಮಪ್ಪನಿಗೂ ಒಂದು ಹೆಸರಿದೆ. ಕೂಲಿಗೆ ಹೋಗುತ್ತಿದ್ದ ಮನೇಲಿ ಅದನ್ನ ಯಾರೂ ಕರೆದದ್ದು ನಾನು ಕೇಳಲಿಲ್ಲ. ಜಾತಿ ಹಿಡಿದೇ ಕೂಗೋರು. ಆಗ ಯಾವ ಪಂಡಿತರೂ ಬಂದು ಭಾಷೆ ಕೆಟ್ಟಿತು ಅನ್ನಲಿಲ್ಲ. ಜನರೆದುರು ಬೇಕೆಂದೇ ಹಾಗೆ ಅವಮಾನಿಸೋದನ್ನ 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧ ಅಂದಿದೆ. ಅದೇ ದೂರನ್ನ ನಮ್ಮ ಕಾವ್ಯ ಹದಿನಾಲ್ಕು ವರ್ಷ ಮೊದಲೇ ಬರೆದುಕೊಟ್ಟಿತ್ತು.

ಆದರೆ ನಮ್ಮೊಳಗೂ ಒಂದು ಮಾತು ಆಗಬೇಕು. ಧಣಿಯನ್ನ ಬೈಯಲು ಹೊರಟ ನಮ್ಮ ಬೈಗುಳ ಎಷ್ಟೋ ಸಲ ಅವನ ತಾಯಿಯ ಮೇಲೆ, ಹೆಂಡತಿಯ ಮೇಲೆ ಬೀಳುತ್ತದೆ. ಕೇರಿಯ ನನ್ನವ್ವ ಅದನ್ನ ಕೇಳಿ ತಲೆ ತಗ್ಗಿಸಿದರೆ ಆ ಪದ ನಮ್ಮದಲ್ಲ. ಅದು ಧಣಿಯಿಂದಲೇ ತಂದ ಸಾಲ.

ಪದ ಒರಟೋ ನಯವೋ ಅಂತ ಕೇಳಬೇಡಿ. ಅದು ಯಾರ ಬೆನ್ನ ಮೇಲೆ ಬೀಳುತ್ತೆ ಅಂತ ಕೇಳಿ.